ಎಲೆ ನೋಡಿದಿರಾ? ವಸಂತದ ಕಾಡುಹೂಗಳ ಬಗ್ಗೆ ಆಡಿದ ಮಾತು

(ಮಾರ್ಚ್ ಕೊನೆಯಲ್ಲಿ ಶಿರಸಿಯ ಗೆಳೆಯರ ಬಳಗವೊಂದು ಮಾತಾಡಲು ಕರೆದಿತ್ತು. ಒಂದು ಗಂಟೆ ಮಾತು, ಆಮೇಲೆ ಸುಮಾರು ಅಷ್ಟೇ ಹೊತ್ತು ಪ್ರಶ್ನೆ. ಬರೆದು ಕೊಡಿ ಎಂದು ಕೆಲವರು ಕೇಳಿದರು. ಆ ದಿನ ಆಡಿದ್ದನ್ನೇ ಸ್ವಲ್ಪ ಜೋಡಿಸಿ ಬರೆದಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಈ ಬಿಸಿಲಲ್ಲಿ ಬಂದಿದ್ದೀರಿ, ಪಾನಕ ಕುಡಿದು ಕೂತಿದ್ದೀರಿ. ನೇರ ವಿಷಯಕ್ಕೆ ಬರುತ್ತೇನೆ.

ಶಿವರಾತ್ರಿ ಕಳೆದ ಮೇಲೆ ನನ್ನ ಫೋನಿಗೆ ಒಂದೇ ಥರದ ಚಿತ್ರಗಳು ಬರಲು ಶುರುವಾಗುತ್ತವೆ. ಅಂಗೈ ಮೇಲೆ ಒಂದು ಹೂವು, ಕೆಳಗೆ ಒಂದು ಸಾಲು: ‘ಸಾರ್, ಇದು ಯಾವ ಹೂ?’ ಹೂವು ಚೆಂದ ಇರುತ್ತದೆ, ಫೋಟೋ ಕೂಡ ಚೆನ್ನಾಗಿರುತ್ತದೆ, ಹಿಂದೆ ಕಾಡು ಮಸುಕಾಗಿ ಕಾಣುತ್ತದೆ. ನಾನು ಪ್ರತಿ ಸಲ ತಿರುಗಿ ಕೇಳುವುದು ಒಂದೇ: ಎಲೆ ನೋಡಿದಿರಾ? ಜಾಸ್ತಿ ಜನ ನೋಡಿರುವುದಿಲ್ಲ. ಹೂವು ಕಣ್ಣಿಗೆ ಬಿದ್ದ ಗಳಿಗೆಯಲ್ಲಿ ಉಳಿದದ್ದೆಲ್ಲ ಮರೆತು ಹೋಗುತ್ತದೆ, ಅದು ಸಹಜ. ಆದರೆ ಹೂವು ನಮ್ಮನ್ನು ಹತ್ತಿರ ಕರೆಯುತ್ತದೆ, ಅಷ್ಟೇ. ಹೆಸರು ಬೇಕಿದ್ದರೆ ಎಲೆಯನ್ನು ಕೇಳಬೇಕು. ಇವತ್ತು ನಾನು ಹೇಳುವುದೆಲ್ಲ ಇದೊಂದರ ಸುತ್ತವೇ ಇರುತ್ತದೆ.

ನನಗೆ ಇದನ್ನು ಕಲಿಸಿದ್ದು ಕೌಲು ಮರ. ನಾನು ಧಾರವಾಡದ ಕಡೆಯವನು, ಕೆಲಸಕ್ಕೆಂದು ಶಿರಸಿಗೆ ಬಂದವನು. ಬಂದ ಮೊದಲ ವರ್ಷ ಫೆಬ್ರವರಿಯ ಒಂದು ಬೆಳಗ್ಗೆ ಸೊಪ್ಪಿನ ಬೆಟ್ಟದಲ್ಲಿ, ಅಂದರೆ ತೋಟಕ್ಕೆ ಸೊಪ್ಪು ಕಡಿಯುವ ಕಾಡಿನಲ್ಲಿ, ನಡೆಯುವಾಗ ನೆಲದ ಮೇಲೆ ಹೂವು ಬಿದ್ದಿತ್ತು. ದೊಡ್ಡ ಹೂವು. ನಾಲ್ಕು ಎಸಳು, ನಡುವೆ ರಾಶಿ ರಾಶಿ ಕೇಸರ, ಬುಡದಲ್ಲಿ ನಸುಗೆಂಪು. ರಾತ್ರಿ ಅರಳಿ ಬೆಳಗಾಗುವಷ್ಟರಲ್ಲಿ ಉದುರಿದ್ದು. ಮನೆಗೆ ತಂದು ಪುಸ್ತಕ ತೆಗೆದು ನೋಡಿದೆ. ನಾಲ್ಕು ಎಸಳು, ಲೆಕ್ಕವಿಲ್ಲದಷ್ಟು ಕೇಸರ, ಬಿಳಿ ಬಣ್ಣ. ನಾಗಸಂಪಿಗೆಯ ಹತ್ತಿರದ್ದೇ ಯಾವುದೋ ಇರಬೇಕು ಎಂದು ಡೈರಿಯಲ್ಲಿ ಬರೆದೆ. ಎರಡು ವರ್ಷ ಹಾಗೇ ಇತ್ತು. ಮೂರನೇ ವಸಂತದಲ್ಲಿ ಅದೇ ಜಾಗದಲ್ಲಿ ಸೊಪ್ಪು ಕಡಿಯುತ್ತಿದ್ದ ಒಬ್ಬ ಅಜ್ಜಿಗೆ ಹೂವು ತೋರಿಸಿದೆ. ಅವರಿಗೆ ಹೂವು ನೋಡಿ ಗೊತ್ತಾಗಲಿಲ್ಲ. ‘ಸೊಪ್ಪು ತೋರಿಸು’ ಎಂದರು. ಬಗ್ಗಿದ ಕೊಂಬೆಯ ತುದಿ ಹಿಡಿದು ತೋರಿಸಿದೆ. ಅರೆಕ್ಷಣ ಕೂಡ ಆಗಲಿಲ್ಲ, ‘ಕೌಲು’ ಎಂದರು.

ಆಮೇಲೆ ಅದೇ ಕೊಂಬೆಯನ್ನು ನಾನೂ ನೋಡಿದೆ. ಎಲೆಗಳು ಕೊಂಬೆಯ ತುದಿಯಲ್ಲಿ ಗುಂಪಾಗಿದ್ದವು, ಆದರೆ ಒಂದೊಂದೂ ಬೇರೆ ಬೇರೆ ಎತ್ತರದಲ್ಲಿ ಹುಟ್ಟಿತ್ತು. ಅಂಚಿನಲ್ಲಿ ಸಣ್ಣ ಸಣ್ಣ ಹಲ್ಲು. ನಾಗಸಂಪಿಗೆಯಲ್ಲಿ ಎಲೆಗಳು ಜೋಡಿ ಜೋಡಿಯಾಗಿ ಎದುರುಬದುರು ಇರುತ್ತವೆ, ಅಂಚು ನುಣುಪು. ಎರಡೂ ಹತ್ತಿರದ ನೆಂಟರಲ್ಲ. ಒಂದು ಸಲ ಎಲೆ ನೋಡಿದ್ದರೆ ಮೊದಲ ದಿನವೇ ಗೊತ್ತಾಗುತ್ತಿತ್ತು. ಆ ಅಜ್ಜಿ ವರ್ಷವೆಲ್ಲ ಆ ಮರದ ಸೊಪ್ಪನ್ನು ಕೈಯಲ್ಲಿ ಹಿಡಿದವರು, ಹೂವು ಇರುವುದು ಕೆಲವೇ ವಾರ. ಅವರಿಗೆ ಗೊತ್ತಿದ್ದದ್ದು ಜಾಸ್ತಿ ಗಟ್ಟಿಯಾದ ಗುರುತು.

ಇನ್ನು ನಮ್ಮ ವಸಂತ. ಪರದೇಶದ ಚಿತ್ರಗಳಲ್ಲಿ ವಸಂತ ಎಂದರೆ ಹಿಮ ಕರಗಿ ನೆಲದ ತುಂಬ ಹೂವು. ನಮ್ಮಲ್ಲಿ ನೆಲದ ಹೂವಿಗೆ ಮಳೆಗಾಲ ಬರಬೇಕು. ಫಾಲ್ಗುಣ, ಚೈತ್ರ, ವೈಶಾಖದಲ್ಲಿ ನೆಲ ಒಣಗಿರುತ್ತದೆ, ಹುಲ್ಲು ಸುಟ್ಟಿರುತ್ತದೆ. ಈ ಮೂರು ತಿಂಗಳು ತಲೆ ಎತ್ತಿ ನೋಡಬೇಕು. ನಮ್ಮ ವಸಂತ ಇರುವುದು ಮರದ ಮೇಲೆ, ಪೊದೆಯ ಮೇಲೆ. ಅದೂ ಎಷ್ಟೋ ಸಲ ಎಲೆಯೇ ಇಲ್ಲದ ಬರಿ ಕೊಂಬೆಯ ಮೇಲೆ. ಇದಕ್ಕೆ ಕಾರಣ ಇದೆ. ಬೇಸಿಗೆಯಲ್ಲಿ ನೀರು ಉಳಿಸಲು ಮರ ಎಲೆ ಉದುರಿಸುತ್ತದೆ. ಎಲೆ ಇಲ್ಲದಾಗ ಹೂವು ದೂರಕ್ಕೆ ಕಾಣುತ್ತದೆ, ಹಕ್ಕಿಗೂ ಜೇನಿಗೂ ದಾರಿ ಸಲೀಸು. ಈಗ ಹೂ ಬಿಟ್ಟರೆ ಕಾಯಿ ಬಲಿತು ಬೀಜ ಉದುರುವ ಹೊತ್ತಿಗೆ ಮಳೆ ಹಿಡಿಯುತ್ತದೆ, ಬೀಜ ಬಿದ್ದ ಜಾಗದಲ್ಲೇ ಮೊಳೆಯಬಹುದು. ಜೂನ್ ತಿಂಗಳಿನ ಲೆಕ್ಕ ಹಾಕಿ ಫೆಬ್ರವರಿಯಲ್ಲಿ ಹೂ ಬಿಟ್ಟ ಹಾಗೆ!

ಇಲ್ಲಿ ಒಬ್ಬರು ಮಧ್ಯದಲ್ಲೇ ಕೇಳಿದರು. ಎಲೆಯೇ ಇಲ್ಲದಿದ್ದರೆ ಎಲೆಯನ್ನು ಕೇಳಿ ಎಂದರೆ ಹೇಗೆ? ಒಳ್ಳೆಯ ಪ್ರಶ್ನೆ. ಮರದ ಬುಡದಲ್ಲಿ ನೋಡಿ, ಹೋದ ವರ್ಷದ ಒಣ ಎಲೆ ಬಿದ್ದಿರುತ್ತದೆ. ಸುತ್ತ ಅದೇ ಜಾತಿಯ ಸಸಿ ಇದ್ದೀತು, ಸಸಿಗಳು ಎಷ್ಟೋ ಸಲ ಎಲೆ ಉಳಿಸಿಕೊಂಡಿರುತ್ತವೆ. ಕೊಂಬೆಯ ಮೇಲೆ ಎಲೆ ಉದುರಿದ ಗಾಯದ ಗುರುತು ಇರುತ್ತದೆ, ಅದು ಜೋಡಿಯಾಗಿದೆಯೋ ಒಂಟಿಯಾಗಿದೆಯೋ ನೋಡಬಹುದು. ಯಾವುದೂ ಸಿಗದಿದ್ದರೆ ಕಾಯಬೇಕು. ಜೂನ್‌ನಲ್ಲಿ ಮತ್ತೆ ಅದೇ ಮರಕ್ಕೆ ಹೋಗಬೇಕು.

ಶಿರಸಿಯಿಂದ ಮುಂಡಗೋಡದ ದಾರಿ ಹಿಡಿಯಿರಿ. ಕಾಡು ತೆಳುವಾಗುತ್ತ ಹೋದ ಹಾಗೆ ಮೂರು ಕೆಂಪು ಮರಗಳು ಸಿಗುತ್ತವೆ, ಬಸ್ಸಿನ ಕಿಟಕಿಯಿಂದ ಮೂರೂ ಒಂದೇ ಎನಿಸಬಹುದು. ಮುತ್ತುಗ, ಬೂರುಗ, ಹಾಲುವಾಣ. ಮೂರೂ ಎಲೆ ಉದುರಿಸಿ ಹೂ ಬಿಡುತ್ತವೆ, ಮೂರಕ್ಕೂ ಹಕ್ಕಿಗಳ ಸಂತೆ ನೆರೆಯುತ್ತದೆ. ಬೂರುಗವನ್ನು ಬೇರೆ ಮಾಡುವುದು ಸುಲಭ. ಹೂವು ಬಿದ್ದರೆ ಧಪ್ ಎಂದು ಸದ್ದಾಗುತ್ತದೆ, ಅಷ್ಟು ದಪ್ಪ ಎಸಳು. ಐದು ಎಸಳು ಬಟ್ಟಲಿನಂತೆ ತೆರೆದಿರುತ್ತವೆ, ಒಳಗೆ ಕೇಸರಗಳ ಕಟ್ಟು. ಎಳೆಯ ಮರದ ಕಾಂಡದ ತುಂಬ ಗೋಪುರದಂಥ ಮುಳ್ಳು. ಬಿದ್ದ ಒಣ ಎಲೆ ಸಿಕ್ಕರೆ ಕೈ ಬೆರಳು ಬಿಚ್ಚಿದ ಹಾಗೆ ಐದೋ ಏಳೋ ಕಿರು ಎಲೆ ಇರುತ್ತವೆ.

ಮುತ್ತುಗ ಮತ್ತು ಹಾಲುವಾಣ ಒಂದೇ ಬಳಗದವು, ಅವರೆ ತೊಗರಿಯ ಬಳಗ. ಎರಡಕ್ಕೂ ಮೂರು ಮೂರು ಕಿರು ಎಲೆ. ಇಲ್ಲಿ ಕೈಗೆ ತೆಗೆದುಕೊಂಡೇ ನೋಡಬೇಕು. ಮುತ್ತುಗದ ಹೂವು ಬೆಂಕಿಯ ಬಣ್ಣ, ಅದರ ತೊಟ್ಟಿನ ಬಟ್ಟಲು ಮಾತ್ರ ಕಪ್ಪು ಮಿಶ್ರಿತ ಕಂದು. ಬೆರಳು ಆಡಿಸಿದರೆ ಮಖಮಲ್ಲಿನ ಹಾಗೆ ಇರುತ್ತದೆ. ಎಸಳಿನ ಹೊರಮೈ ಮೇಲೂ ಬೆಳ್ಳಿಯಂಥ ನವಿರು ಕೂದಲು, ಬಿಸಿಲಿಗೆ ಓರೆಯಾಗಿ ಹಿಡಿದರೆ ಹೊಳೆಯುತ್ತದೆ. ಕೆಳಗಿನ ಎಸಳು ಗಿಳಿಯ ಕೊಕ್ಕಿನ ಹಾಗೆ ಬಾಗಿರುತ್ತದೆ. ವಾಸನೆ ಇಲ್ಲ. ಹಕ್ಕಿಗಳು ಕಣ್ಣಿನಿಂದ ಹುಡುಕಿ ಬರುತ್ತವೆ, ಅವುಗಳಿಗೆ ವಾಸನೆ ಬೇಕಿಲ್ಲ. ಹಾಲುವಾಣದ ತೊಟ್ಟಿನ ಬಟ್ಟಲು ಒಂದು ಪಕ್ಕದಲ್ಲಿ ಉದ್ದಕ್ಕೆ ಸೀಳಿಕೊಂಡಿರುತ್ತದೆ, ಹೂಗೊಂಚಲು ಕೊಂಬೆಯ ತುದಿಯಲ್ಲಿ ಚಾಚಿಕೊಂಡಿರುತ್ತದೆ, ಕೊಂಬೆಯಲ್ಲಿ ಮುಳ್ಳು. ಮುತ್ತುಗದಲ್ಲಿ ಮುಳ್ಳಿಲ್ಲ. ಇನ್ನು ಊಟದ ಎಲೆ ಹಚ್ಚಿದವರಿಗೆ ಮುತ್ತುಗದ ಎಲೆ ಬಗ್ಗೆ ನಾನು ಹೇಳಬೇಕಾಗಿಲ್ಲ. ಅಡ್ಡ ಇರುವ ಎರಡು ಕಿರು ಎಲೆಗಳು ಸರಿಸಮ ಇರುವುದಿಲ್ಲ, ಒಂದು ಪಕ್ಕ ಅಗಲ, ಇನ್ನೊಂದು ಪಕ್ಕ ಕಿರಿದು. ಒಂಟಿ ಎಲೆ ಸಿಕ್ಕರೂ ಎಡದ್ದೋ ಬಲದ್ದೋ ನಡುವಿನದ್ದೋ ಹೇಳಬಹುದು. ಮನೆಯಲ್ಲಿ ಮಕ್ಕಳ ಕೈಯಲ್ಲಿ ಈ ಆಟ ಆಡಿಸಿ ನೋಡಿ.

ಕಾಡಿಗೆ ಹೋಗಲು ಆಗದವರಿಗೆ ಒಂದು ಪಾಠ ಯುಗಾದಿಯ ದಿನ ತಟ್ಟೆಯಲ್ಲೇ ಬರುತ್ತದೆ. ಬೇವು ಬೆಲ್ಲ ತಿನ್ನುತ್ತೇವೆ. ಬೇವಿನ ಹೂವನ್ನು ಎಷ್ಟು ಜನ ನೋಡಿದ್ದೀರಿ? ನಾಲ್ಕೈದು ಕೈ ಎದ್ದವು. ಈ ಸಲ ಒಂದು ಹೂವನ್ನು ಬೆಲ್ಲಕ್ಕೆ ಹಾಕದೆ ಉಳಿಸಿಕೊಳ್ಳಿ. ಹತ್ತು ರೂಪಾಯಿ ನಾಣ್ಯದ ಮೇಲೆ ನಾಲ್ಕು ಹೂವು ಕೂರಬಹುದು, ಅಷ್ಟು ಸಣ್ಣದು. ಐದು ಬಿಳಿ ಎಸಳು ಬಿಚ್ಚಿಕೊಂಡಿರುತ್ತವೆ. ಅದರ ನಡುವೆ ಒಂದು ಬಿಳಿ ಕೊಳವೆ ನಿಂತಿರುತ್ತದೆ. ಅದು ಎಸಳಲ್ಲ, ಕೇಸರಗಳು ಒಂದಕ್ಕೊಂದು ಅಂಟಿಕೊಂಡು ಆದ ಕೊಳವೆ. ಬಾಯಂಚಿನಲ್ಲಿ ಒಳಗಡೆ ಹತ್ತು ಪುಟ್ಟ ಹಳದಿ ಚುಕ್ಕೆ, ಪರಾಗ ಇರುವುದು ಅಲ್ಲಿ. ಈ ಕೊಳವೆ ಬೇವಿನ ಬಳಗದ ಮನೆತನದ ಗುರುತು. ಹುಚ್ಚುಬೇವಿನ ಹೂವು ನೋಡಿ, ಅಲ್ಲೂ ಕೊಳವೆ ಇದೆ, ಬಣ್ಣ ಗಾಢ ನೇರಳೆ. ಎರಡನ್ನೂ ಬೇರೆ ಮಾಡಲು ಮತ್ತೆ ಎಲೆಗೇ ಬನ್ನಿ. ಬೇವಿನ ಗರಿ ಒಂದೇ ಸಲ ಕವಲೊಡೆದದ್ದು, ಹುಚ್ಚುಬೇವಿನದು ಕವಲಿನ ಮೇಲೆ ಕವಲು.

ಈಗ ನನಗೆ ಬಹಳ ಇಷ್ಟದ ಭಾಗ. ಬಿಳಿ ನಕ್ಷತ್ರದಂಥ ಹೂಗಳು.

ಮಾರ್ಚ್, ಏಪ್ರಿಲ್‌ನಲ್ಲಿ ನಮ್ಮ ಬೆಟ್ಟದಲ್ಲಿ ನಡೆದರೆ ಪರಿಮಳದ ಬಿಳಿ ನಕ್ಷತ್ರಗಳು ಹೆಜ್ಜೆಗೊಂದು ಸಿಗುತ್ತವೆ. ಕೊಳವೆಯಂಥ ಬುಡ, ಬಿಚ್ಚಿದ ಎಸಳು, ಎದುರುಬದುರು ಎಲೆ. ಎಲ್ಲರೂ ಕಾಡುಮಲ್ಲಿಗೆ ಎನ್ನುತ್ತಾರೆ. ಕವಳಿಯೂ ಕಾಡುಮಲ್ಲಿಗೆ, ಕೊಡಸಿಗವೂ ಕಾಡುಮಲ್ಲಿಗೆ, ಬೇಲಿ ದಾಟಿ ಬೆಳೆದ ಕಾಫಿ ಗಿಡವೂ ಕಾಡುಮಲ್ಲಿಗೆ. ಇವನ್ನು ಬೇರೆ ಮಾಡಲು ಮೂರು ನಿಮಿಷ ಸಾಕು.

ಮೊದಲು ಒಂದೇ ಒಂದು ಎಲೆಯ ತೊಟ್ಟು ಮುರಿಯಿರಿ. ಬಿಳಿ ಹಾಲು ಬಂತಾ? ಬಂದರೆ ಅದು ಮಲ್ಲಿಗೆ ಅಲ್ಲ, ಕಾಫಿಯೂ ಅಲ್ಲ. ಅದು ಎಕ್ಕ, ಕಣಗಿಲೆಗಳ ಬಳಗ. ಹಾಲನ್ನು ಕಣ್ಣಿಗೆ ತಾಗಿಸಬೇಡಿ, ನಾಲಿಗೆಗೆ ಹಚ್ಚಿ ನೋಡಲೇಬೇಡಿ, ಈ ಬಳಗದಲ್ಲಿ ವಿಷದ ಗಿಡಗಳು ಜಾಸ್ತಿ. ಹಾಲಿನ ಜೊತೆ ಕೊಂಬೆಯಲ್ಲಿ ಗಟ್ಟಿ ಮುಳ್ಳಿದ್ದರೆ ಕವಳಿ, ಮೇ ತಿಂಗಳಲ್ಲಿ ಉಪ್ಪಿನಕಾಯಿಗೆ ಕಾಯಿ ಕೊಡುವುದು ಅದೇ. ಅದರ ಮೊಗ್ಗನ್ನು ನೋಡಿ, ಎಸಳುಗಳು ಒಂದರ ಮೇಲೊಂದು ಒಂದೇ ಕಡೆಗೆ ತಿರುಚಿಕೊಂಡಿರುತ್ತವೆ, ಬಟ್ಟೆ ಹಿಂಡಿದ ಹಾಗೆ. ಅರಳಿದ ಮೇಲೂ ಗಾಳಿಗಿರಿಗಿಟ್ಟಿಯ ಹಾಗೇ ಕಾಣುತ್ತದೆ. ಮುಳ್ಳಿಲ್ಲದೆ, ಸಣ್ಣ ಮರವಾಗಿ, ಅಗಲ ಎಲೆಯಿದ್ದರೆ ಕೊಡಸಿಗ ಇರಬಹುದು, ಹಾಲೆ ಇರಬಹುದು. ಹಾಲೆಯ ಹೂವಿನ ಬಾಯಲ್ಲಿ ಬಿಳಿ ಕುಚ್ಚು ಇರುತ್ತದೆ, ಕೊಡಸಿಗದಲ್ಲಿ ಇಲ್ಲ. ಕಾಯಿ ಬಂದ ಮೇಲೆ ಅನುಮಾನವೇ ಉಳಿಯುವುದಿಲ್ಲ. ಎರಡಕ್ಕೂ ಜೋಡಿ ಕೋಡು. ಕೊಡಸಿಗದ ಕೋಡುಗಳು ಬೇರೆ ಬೇರೆ ನೇತಾಡುತ್ತವೆ, ಹಾಲೆಯ ಕೋಡುಗಳು ತುದಿಯಲ್ಲಿ ಕೂಡಿಕೊಂಡಿರುತ್ತವೆ. ಚನ್ನಪಟ್ಟಣದ ಬೊಂಬೆ ನಿಮ್ಮ ಮನೆಯಲ್ಲಿದೆಯಾ? ಅದು ಹೆಚ್ಚಾಗಿ ಈ ಹಾಲೆ ಮರದ್ದೇ. ತೊಟ್ಟಿಲ ಮಗುವಿದ್ದಾಗಿಂದ ಕೈಯಲ್ಲಿ ಹಿಡಿದ ಮರದ ಹೂವನ್ನು ನಾವು ನೋಡಿರುವುದಿಲ್ಲ.

ಹಾಲು ಬರಲಿಲ್ಲವೇ? ಹಾಗಿದ್ದರೆ ಕೇಸರ ಎಣಿಸಿ. ಮಲ್ಲಿಗೆಗೆ ಕೇಸರ ಎರಡೇ. ಹೂವಿನ ಕೊಳವೆಯನ್ನು ಉಗುರಿನಿಂದ ಉದ್ದಕ್ಕೆ ಸೀಳಿದರೆ ಒಳಗೆ ಎರಡೂ ಅಡಗಿ ಕೂತಿರುತ್ತವೆ. ಎಸಳು ಐದಿರಲಿ, ಎಂಟಿರಲಿ, ಹತ್ತಿರಲಿ, ಕೇಸರ ಎರಡೇ. ಕಾಡಿನದ್ದಾಗಲಿ, ಮುಡಿಯುವ ದುಂಡುಮಲ್ಲಿಗೆಯಾಗಲಿ, ಎಲ್ಲ ಮಲ್ಲಿಗೆಗೂ ಇದೇ ಮಾತು. ದುಂಡುಮಲ್ಲಿಗೆಯಲ್ಲಿ ಎಸಳು ಸುತ್ತು ಸುತ್ತು ಇರುವುದರಿಂದ ಹುಡುಕಲು ಕಷ್ಟ, ಕಾಡಿನದ್ದರಲ್ಲಿ ಸಲೀಸಾಗಿ ಸಿಗುತ್ತದೆ.

ಕೇಸರ ಐದಿದ್ದು ಹೊರಗೆ ಚಾಚಿಕೊಂಡಿದ್ದರೆ ಕಾಫಿ ಬಳಗ ಎಂದು ಅನುಮಾನಿಸಿ, ಎಲೆಯ ಬುಡಕ್ಕೆ ಬನ್ನಿ. ತೋಟ ಇರುವವರು ನಾಳೆ ಬೆಳಗ್ಗೆಯೇ ನೋಡಬಹುದು. ಕಾಫಿ ಕೊಂಬೆಯಲ್ಲಿ ಎರಡು ಎಲೆ ಎದುರುಬದುರು ಹುಟ್ಟುವ ಗೆಣ್ಣಿದೆಯಲ್ಲ, ಅದನ್ನು ಪಕ್ಕಕ್ಕೆ ತಿರುಗಿಸಿ. ಎರಡು ತೊಟ್ಟುಗಳ ನಡುವಿನ ಖಾಲಿ ಜಾಗದಲ್ಲಿ ಸಣ್ಣ ತ್ರಿಕೋನದ ಹಸಿರು ಹಾಳೆ ಕಾಂಡಕ್ಕೆ ಅಂಟಿಕೊಂಡಿರುತ್ತದೆ, ಆ ಕಡೆ ಒಂದು, ಈ ಕಡೆ ಒಂದು. ಸ್ಟಿಪ್ಯೂಲ್ ಎನ್ನುತ್ತಾರೆ. ಎಳೆ ಮೊಗ್ಗನ್ನು ಕಾಯುವುದು ಅದರ ಕೆಲಸ. ಎದುರುಬದುರು ಎಲೆ, ಅಂಚಿನಲ್ಲಿ ಹಲ್ಲಿಲ್ಲ, ನಡುವೆ ಈ ತ್ರಿಕೋನ: ಈ ಮೂರೂ ಕೂಡಿದರೆ ಕಾಫಿ ಬಳಗ ಎಂದು ಧೈರ್ಯವಾಗಿ ಹೇಳಬಹುದು. ಕುಮಟೆಯ ಕಡೆ ಜಂಬಿಟ್ಟಿಗೆಯ ಗುಡ್ಡದ ಮೇಲೆ ಕೆಂಪಗೆ ಅರಳುವ ಕೇಪಳ ಇದೆ ಅಲ್ವಾ, ನಾಲ್ಕೆಸಳಿನದ್ದು, ಅದರ ಗೆಣ್ಣನ್ನು ನೋಡಿ. ತ್ರಿಕೋನ ಇದೆ. ಕಾರೆ ಮುಳ್ಳಿನಲ್ಲೂ ಇದೆ. ಬಣ್ಣ ಬೇರೆ, ಎತ್ತರ ಬೇರೆ, ಕಾಯಿ ಬೇರೆ, ಆದರೂ ಒಂದೇ ಮನೆಯವು. ಬಣ್ಣದ ಮೇಲೆ ಹೋಗಿದ್ದರೆ ಕೇಪಳ ಮತ್ತು ಕಾಫಿ ನೆಂಟರು ಎಂದು ನನಗೆ ಜನ್ಮದಲ್ಲಿ ಹೊಳೆಯುತ್ತಿರಲಿಲ್ಲ.

ಹೆಸರಿನ ತೊಡಕನ್ನೂ ಇಲ್ಲೇ ಹೇಳಿಬಿಡುತ್ತೇನೆ. ಬೊಂಬೆಯ ಹಾಲೆ ಒಂದು. ಕರಾವಳಿಯಲ್ಲಿ ಆಟಿ ಅಮಾವಾಸ್ಯೆಯಂದು, ಅಂದರೆ ಆಷಾಢದ ಅಮಾವಾಸ್ಯೆಯಂದು, ತೊಗಟೆಯ ಕಷಾಯ ಕುಡಿಯುವ ಹಾಲೆ ಇನ್ನೊಂದು. ಅದನ್ನು ಮದ್ದಾಲೆ ಎಂದೂ ಕರೆಯುತ್ತಾರೆ. ಅದರ ಎಲೆಗಳು ಕೊಂಬೆಯ ಒಂದೇ ಗೆಣ್ಣಿನಲ್ಲಿ ಚಕ್ರದ ಹಾಗೆ ಸುತ್ತಲೂ ಹುಟ್ಟುತ್ತವೆ, ಕಡಿದರೆ ಹಾಲು ಬರುತ್ತದೆ. ಬೆಳಕು ಹರಿಯುವ ಮುಂಚೆ ಹೋಗಿ ತೊಗಟೆ ತರುವ ಪದ್ಧತಿ. ಅದೇ ಕಾಡಿನಲ್ಲಿ ಕಾಸರಕದ ಮರವೂ ಇರುತ್ತದೆ, ಅದು ಕಡು ವಿಷ. ಕಾಸರಕದ ಎಲೆ ಎದುರುಬದುರು, ಎಲೆಯ ಬುಡದಿಂದಲೇ ಮೂರೋ ಐದೋ ನರಗಳು ತುದಿಯ ಕಡೆ ಹೊರಡುತ್ತವೆ, ಹಾಲು ಇಲ್ಲ. ಮಾರ್ಚ್, ಏಪ್ರಿಲ್‌ನಲ್ಲಿ ಅದು ಹಸಿರು ಮಿಶ್ರಿತ ಬಿಳಿಯ ಸಣ್ಣ ಹೂ ಬಿಡುತ್ತದೆ. ಆಟಿಯಲ್ಲಿ ಕತ್ತಲಲ್ಲಿ ತಡಕಾಡುವುದಕ್ಕಿಂತ ಈಗ ಹಗಲಲ್ಲಿ ಎರಡೂ ಮರ ಗುರುತು ಮಾಡಿಟ್ಟುಕೊಳ್ಳಿ. ದಯವಿಟ್ಟು ಇದನ್ನು ಮನೆಯಲ್ಲಿ ಹೇಳಿ. ಹೆಸರು ಒಂದೇ ಇರಬಹುದು, ಮರ ಒಂದೇ ಇರಬೇಕಿಲ್ಲ. ಊರಿನ ಹೆಸರಿನ ಪಕ್ಕ ಲ್ಯಾಟಿನ್ ಹೆಸರನ್ನೂ ಬರೆದಿಡಿ ಎಂದು ನಾನು ಒತ್ತಾಯ ಮಾಡುವುದು ಇದಕ್ಕೇ. ಬೊಂಬೆಯ ಹಾಲೆ ರೈಟಿಯಾ ಟಿಂಕ್ಟೋರಿಯಾ, ಕಷಾಯದ ಹಾಲೆ ಆಲ್ಸ್ಟೋನಿಯಾ ಸ್ಕೋಲಾರಿಸ್. ಅಲ್ಲಿ ಗೊಂದಲಕ್ಕೆ ಜಾಗವಿಲ್ಲ.

ಅಶೋಕದ ಕಥೆಯೂ ಹೀಗೇ. ಗೇಟಿನ ಪಕ್ಕ ಕಂಬದ ಹಾಗೆ ನೆಡುವ ಮರ ಸೀತಾ ಅಶೋಕ ಅಲ್ಲ, ಅದು ಸೀತಾಫಲದ ಬಳಗದ್ದು. ನಿಜವಾದ ಸೀತಾ ಅಶೋಕ ಘಟ್ಟದ ಹಳ್ಳದ ಬದಿಯಲ್ಲಿ ಈಗ ಹೂ ಬಿಡುತ್ತಿದೆ. ಅದಕ್ಕೆ ಎಸಳೇ ಇಲ್ಲ. ಎಸಳಿನಂತೆ ಕಾಣುವುದು ತೊಟ್ಟಿನ ಬಟ್ಟಲು, ಮೊದಲು ಹಳದಿ ಕಿತ್ತಳೆ, ದಿನ ಕಳೆದಂತೆ ಕೆಂಪು.

ಸುರಗಿಯ ವಿಷಯಕ್ಕೆ ಬರುತ್ತೇನೆ. ಮುಂದಿನ ಸಾಲಿನ ಅಮ್ಮ ಆಗಲೇ ಮುಡಿದು ಬಂದಿದ್ದಾರೆ, ಇಡೀ ಕೋಣೆಗೆ ಪರಿಮಳ.

ದೇವಿಮನೆ ಘಟ್ಟ ಇಳಿದು ಕುಮಟೆಯ ಕಡೆ ಹೋದರೆ ಇದರ ಕಾಲ ಈಗ. ಸುರಗಿ ಹೂವು ಎಲೆಗಳ ನಡುವೆ ಬಿಡುವುದಿಲ್ಲ. ಎಲೆ ಉದುರಿ ಬೋಳಾದ ಹಳೆಯ ಕೊಂಬೆಯ ಮೈಮೇಲೆ ಗುಂಪು ಗುಂಪಾಗಿ ಬಿಡುತ್ತದೆ. ಮೊಗ್ಗು ಬಟಾಣಿಯ ಹಾಗೆ ಗುಂಡಗೆ. ಹೊರಗಿನ ಸಿಪ್ಪೆ ಎರಡೇ ಹೋಳಾಗಿ ಸೀಳುತ್ತದೆ, ಒಳಗಿಂದ ನಾಲ್ಕು ಬಿಳಿ ಎಸಳು, ನಡುವೆ ಹಳದಿ ಕೇಸರದ ಉಂಡೆ. ಬೆಳಗಿನ ಜಾವ ಮರದಡಿ ನಿಂತರೆ ಹೂವಿಗಿಂತ ಮೊದಲು ಜೇನಿನ ಸದ್ದು ಕೇಳಿಸುತ್ತದೆ. ಪೋಣಿಸಿದ ದಂಡೆ ಒಣಗಿ ಕಂದಾದ ಮೇಲೂ ಪರಿಮಳ ಬಿಡುವುದಿಲ್ಲ, ಪೆಟ್ಟಿಗೆಯಲ್ಲಿ ಸೀರೆಯ ನಡುವೆ ಇಡುತ್ತಾರೆ.

ಸುರಗಿ, ಸುರಹೊನ್ನೆ, ನಾಗಸಂಪಿಗೆ. ಮೂರರದ್ದೂ ನಾಲ್ಕು ಬಿಳಿ ಎಸಳು, ಹಳದಿ ಕೇಸರದ ರಾಶಿ, ಎದುರುಬದುರು ದಪ್ಪ ಎಲೆ. ಹೂವನ್ನಷ್ಟೇ ಅಂಗೈ ಮೇಲಿಟ್ಟು ಫೋಟೋ ಕಳಿಸಿದರೆ ನನಗೂ ಕಷ್ಟ. ಎಲೆಯನ್ನು ಬೆಳಕಿಗೆ ಹಿಡಿಯಿರಿ. ಸುರಹೊನ್ನೆಯ ಎಲೆಯಲ್ಲಿ ನರಗಳು ನಡುದಿಂಡಿನಿಂದ ಅಂಚಿಗೆ ಬಾಚಣಿಗೆಯಲ್ಲಿ ಬಾಚಿದ ಹಾಗೆ ಒತ್ತೊತ್ತಾಗಿ ಸಾಲಾಗಿರುತ್ತವೆ, ಒಂದು ಸಲ ನೋಡಿದರೆ ಮರೆಯುವುದಿಲ್ಲ. ಸುರಗಿಯ ಎಲೆಯಲ್ಲಿ ನರಗಳು ಬಲೆಯ ಹಾಗೆ. ನಾಗಸಂಪಿಗೆಯ ಎಲೆ ಕಿರಿದು, ಇಳಿಬಿದ್ದಿರುತ್ತದೆ, ತಿರುಗಿಸಿದರೆ ಕೆಳಮೈ ಸುಣ್ಣ ಬಳಿದಷ್ಟು ಬೆಳ್ಳಗೆ, ಚಿಗುರು ಮಾತ್ರ ಕೆಂಪು ಕೆಂಪು. ಕೌಲು ನೋಡಿ ನಾನು ನಾಗಸಂಪಿಗೆ ಎಂದು ಬರೆದದ್ದು ಎಂಥ ತಪ್ಪು ಎಂದು ಈಗ ನಿಮಗೆ ಗೊತ್ತಾಗಿರಬೇಕು.

ಏಪ್ರಿಲ್ ಕೊನೆಗೆ, ಅಶ್ವಿನಿಯೋ ಭರಣಿಯೋ ಒಂದೆರಡು ಮಳೆ ಸುರಿದ ಮೇಲೆ ಕಣ್ಣು ಕೆಳಗೆ ಇಳಿಸಬೇಕು. ಗುಡುಗಿನ ಮಳೆ ಬಿದ್ದ ಕೆಲವೇ ದಿನದಲ್ಲಿ ಒಣ ಎಲೆಗಳ ನಡುವೆ, ಬರಿ ಮಣ್ಣಿನಿಂದ ನೆಲಸಂಪಿಗೆ ಏಳುತ್ತದೆ. ಕಾಂಡ ಇಲ್ಲ, ಎಲೆ ಇಲ್ಲ, ಯಾರೋ ಹೂವು ತಂದು ಇಟ್ಟುಹೋದ ಹಾಗೆ. ಬಿಳಿ ಮತ್ತು ತಿಳಿ ನೇರಳೆ. ಎಲೆ ಆಮೇಲೆ ಬರುತ್ತದೆ, ಅದರ ಕೆಳಮೈ ನೇರಳೆ. ನೆಲತಾಳೆಯೂ ಆಗಲೇ, ಆರೆಸಳಿನ ಹಳದಿ ನಕ್ಷತ್ರ, ತೆಂಗಿನ ಸಸಿಯಂಥ ಮಡಿಕೆಯ ಎಲೆಯ ಬುಡದಲ್ಲಿ ನೆಲಕ್ಕೆ ಅಂಟಿಕೊಂಡು. ಕೊಳೆತ ಮಾಂಸದ ವಾಸನೆ ಬಂದರೆ ಹೆದರಿ ಓಡಬೇಡಿ, ಹುಡುಕಿ. ಸುವರ್ಣಗೆಡ್ಡೆ ಹೂ ಬಿಟ್ಟಿರಬಹುದು, ಆ ವಾಸನೆಗೆ ನೊಣ, ಜೀರುಂಡೆಗಳು ಬರುತ್ತವೆ. ಇವೆಲ್ಲ ನೆಲದೊಳಗೆ ಗೆಡ್ಡೆಯಲ್ಲಿ ಕೂಡಿಟ್ಟದ್ದನ್ನು ಖರ್ಚು ಮಾಡಿ ಹೂ ಬಿಡುವಂಥವು, ಅದಕ್ಕೇ ನೆಲಸಂಪಿಗೆ, ಸುವರ್ಣಗೆಡ್ಡೆ ಎಲೆ ಬರುವವರೆಗೆ ಕಾಯುವುದಿಲ್ಲ.

ಮೇ ಕೊನೆಗೆ ಮರದ ಕೊಂಬೆಯಿಂದ ಸೀತಾಳೆ ದಂಡೆ ಇಳಿಬೀಳುತ್ತದೆ, ಮರದ ಮೇಲೆ ಬೆಳೆಯುವ ಆರ್ಕಿಡ್ ಅದು. ಎಲೆಯ ತುದಿ ನೋಡಿ, ಕತ್ತರಿಯಲ್ಲಿ ಓರೆಯಾಗಿ ಕಚ್ಚು ಹಾಕಿದ ಹಾಗೆ ಇರುತ್ತದೆ. ಹೂವು ಇಲ್ಲದಾಗಲೂ ಗುರುತು ಹಿಡಿಯಬಹುದು. ಅಸ್ಸಾಮಿನಲ್ಲಿ ಇದು ರಾಜ್ಯದ ಹೂವು. ನಮ್ಮಲ್ಲಿ ಗಿಡವನ್ನೇ ಕಿತ್ತು ತಂದು ಅಂಗಳದ ಮರಕ್ಕೆ ಕಟ್ಟುತ್ತಾರೆ, ಬಹಳಷ್ಟು ಸಾಯುತ್ತವೆ. ಇದನ್ನು ನೋಡಿದಾಗ ನನಗೆ ನಿಜವಾಗಿ ಸಂಕಟವಾಗುತ್ತದೆ. ಗಾಳಿಗೆ ಬಿದ್ದ ಕೊಂಬೆಯಲ್ಲಿ ಸಿಕ್ಕರೆ ಪಕ್ಕದ ಮರಕ್ಕೆ ಕಟ್ಟಿ, ಪುಣ್ಯದ ಕೆಲಸ. ನಿಂತ ಮರದಿಂದ ಕೀಳಬೇಡಿ.

ಕಾಡಲ್ಲಿ ಬೆಳೆದದ್ದೆಲ್ಲ ನಮ್ಮ ಕಾಡಿನದ್ದೇ ಎಂದೂ ತಿಳಿಯಬಾರದು. ಬೇಲಿ ಸಾಲಿನಲ್ಲಿ ಎಲೆಯಿಲ್ಲದೆ ತಿಳಿ ಗುಲಾಬಿ ಹೂ ತುಂಬಿಕೊಂಡ ಗೊಬ್ಬರದ ಗಿಡ, ಗ್ಲಿರಿಸಿಡಿಯಾ, ಮೆಕ್ಸಿಕೋ ಕಡೆಯಿಂದ ಬಂದದ್ದು. ಗುಲ್‌ಮೊಹರ್ ಮಡಗಾಸ್ಕರಿನದ್ದು. ಬೆಂಗಳೂರಿನವರು ಫೋಟೋ ತೆಗೆಯುವ ಟಬೆಬೂಯಾ, ಬೇಲಿಯ ಲಂಟಾನ, ದೇವಸ್ಥಾನದ ನಾಗಲಿಂಗ, ಎಲ್ಲ ಅಮೆರಿಕ ಖಂಡಗಳವು. ಚೆಂದ ಇವೆ, ನೋಡೋಣ. ಪಟ್ಟಿಯಲ್ಲಿ ಮಾತ್ರ ಬೇರೆ ಪುಟ.

ಪುಸ್ತಕದ ಬಗ್ಗೆ ಕೇಳಿದವರಿಗೆ: ನಮ್ಮ ಉತ್ತರ ಕನ್ನಡ ಆಗ ಮುಂಬೈ ಪ್ರಾಂತ್ಯದಲ್ಲಿತ್ತು, ಹಾಗಾಗಿ ನಮ್ಮ ಗಿಡಗಳು 1901ರಿಂದ 1908ರವರೆಗೆ ಬಂದ ಕುಕ್ ಅವರ ಮುಂಬೈ ಸಸ್ಯಕೋಶದಲ್ಲಿವೆ, ದಕ್ಷಿಣ ಕನ್ನಡದವು ಗ್ಯಾಂಬಲ್ ಅವರ ಮದ್ರಾಸ್ ಸಸ್ಯಕೋಶದಲ್ಲಿ. ಹಾಸನ ಜಿಲ್ಲೆಗೆ ಫಾದರ್ ಸಲ್ಡಾನ್ಹಾ ಮತ್ತು ನಿಕೋಲ್ಸನ್ 1976ರಲ್ಲಿ ಹೊರತಂದ ದಪ್ಪ ಗ್ರಂಥ ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಕರ್ನಾಟಕದ ಸಸ್ಯಗಳನ್ನು ಅಂತರ್ಜಾಲದಲ್ಲೇ ಹಾಕಿದೆ. ಐನ್ಯಾಚುರಲಿಸ್ಟ್ ಎನ್ನುವ ಜಾಲತಾಣಕ್ಕೆ ಚಿತ್ರ ಹಾಕಿದರೆ ತಿಳಿದವರು ತಿದ್ದುತ್ತಾರೆ. ಫೋನು ತಾನಾಗಿ ಹೇಳುವ ಹೆಸರನ್ನು ಸುಮ್ನೆ ನಂಬಬೇಡಿ, ಅದಕ್ಕೆ ಎಲೆ ತೋರಿಸಿದಿರೋ ಇಲ್ಲವೋ ಎಂದು ಮೊದಲು ನೋಡಿ. ಹೂವು ಮುಂದಿನಿಂದ, ಹೂವು ಪಕ್ಕದಿಂದ, ಎಲೆಯ ಮೇಲ್ಮೈ, ಕೆಳಮೈ, ಕೊಂಬೆಗೆ ಎಲೆ ಸೇರುವ ಗೆಣ್ಣು, ತೊಗಟೆ, ಇಡೀ ಮರ. ಏಳು ಚಿತ್ರ. ಜೊತೆಗೆ ತಾರೀಖು ಮತ್ತು ಊರು. ಎಷ್ಟೇ ಅಗ್ಗದ್ದಾದರೂ ಸರಿ, ಒಂದು ನೋಟ್‌ಬುಕ್ ಇರಲಿ. ಅದೇ ಮರ ಹೋದ ವರ್ಷ ಯಾವಾಗ ಹೂ ಬಿಟ್ಟಿತ್ತು ಎಂದು ಬರೆದಿಟ್ಟವರು ನಮ್ಮಲ್ಲಿ ಬಹಳ ಕಡಿಮೆ. ಸೀಸನ್‌ವಾಚ್ ಎನ್ನುವ ಯೋಜನೆಯವರು ಇಂಥ ಲೆಕ್ಕವನ್ನು ಜನರಿಂದಲೇ ಕೂಡಿಸುತ್ತಿದ್ದಾರೆ, ಶಾಲೆಯ ಮಕ್ಕಳೂ ಸೇರಬಹುದು.

ಪ್ರಶ್ನೆಗಳಲ್ಲಿ ಒಂದನ್ನು ಮಾತ್ರ ಇಲ್ಲಿ ಬರೆಯುತ್ತೇನೆ. ಏಳನೇ ಕ್ಲಾಸಿನ ಹುಡುಗನೊಬ್ಬ ಜೇಬಿನಿಂದ ಒಂದು ಕಡ್ಡಿ ತೆಗೆದ. ತುದಿಯಲ್ಲಿ ಹಳದಿ ಹಸಿರಿನ ಸಣ್ಣ ಸಣ್ಣ ಹೂವಿನ ಗೊಂಚಲು, ಒಂದೂ ಎಲೆ ಇಲ್ಲ. ಅವರ ಗದ್ದೆಯ ಬದುವಿನಲ್ಲಿರುವ ಮರವಂತೆ. ಇಬ್ಬರೂ ಕೂತು ಎಲೆ ಬಿದ್ದ ಗಾಯದ ಗುರುತು ನೋಡಿದೆವು, ಒಂಟಿ ಒಂಟಿಯಾಗಿತ್ತು. ಹಾಲು ಬರಲಿಲ್ಲ, ಮುಳ್ಳಿರಲಿಲ್ಲ. ಅಲ್ಲಿಗೆ ನಿಂತೆವು. ಎರಡು ವಾರ ಬಿಟ್ಟು ಅವನ ಅಪ್ಪನ ಫೋನಿನಿಂದ ತೊಗಟೆಯ ಚಿತ್ರ, ಇಡೀ ಮರದ ಚಿತ್ರ, ಕೆಳಗೆ ಬಿದ್ದ ಒಣ ಎಲೆಯ ಒಂದು ಚೂರಿನ ಚಿತ್ರ ಬಂತು. ಏಳರಲ್ಲಿ ಐದು ಆಗಿವೆ ಎಂದು ಬರೆದಿದ್ದಾನೆ. ಉಳಿದ ಎರಡಕ್ಕೆ ಮರ ಚಿಗುರಬೇಕು, ಮಳೆ ಹಿಡಿದ ಮೇಲೆ ಕಳಿಸುತ್ತಾನಂತೆ.